ದೊಡ್ಡಪ್ಪನ ಸ್ಪ್ಯಾನರ್ ಮತ್ತು ಕೆಜಿಎಫ್ ಸಿಲಿಂಡರ್‌ಗಳು

ಕಳೆದ ದಸರಾಕ್ಕೆ ಬಂಗಾರಪೇಟೆಗೆ ಹೋಗಿದ್ದೆ. ದೊಡ್ಡಪ್ಪನ ಶೆಡ್ಡಿನಲ್ಲಿ ಯಾರದೋ ತೋಟದ ಡೀಸೆಲ್ ಪಂಪ್‌ಸೆಟ್ ಬಿಚ್ಚಿ ಇಟ್ಟಿದ್ದರು. ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಹೊಸದು ಹಾಕಿ ಹೆಡ್ ಕೂರಿಸಿ ನಟ್ ಬಿಗಿ ಮಾಡೋದಷ್ಟೇ ಬಾಕಿ. ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಸೇರಿದವನಿಗೆ ಕೈ ಸುಮ್ಮನಿರುತ್ತಾ? ದೊಡ್ಡಪ್ಪನಿಗೆ ಅಂತ ಬೆಂಗಳೂರಿಂದ ಟಾರ್ಕ್ ರೆಂಚ್ ಬೇರೆ ತಂದಿದ್ದೆ. ಪುಸ್ತಕದಲ್ಲಿದ್ದ ಅಂಕಿಗೆ ಸೆಟ್ ಮಾಡಿ, ಒಂದೊಂದೇ ನಟ್ 'ಟಕ್' ಅನ್ನೋವರೆಗೆ ತಿರುಗಿಸಿದೆ. ದೊಡ್ಡಪ್ಪ ಬೀಡಿ ಹಚ್ಚಿಕೊಂಡು ನೋಡ್ತಾ ಕೂತಿದ್ದರು. ಏನೂ ಹೇಳಲಿಲ್ಲ.

ಎಂಜಿನ್ ಸ್ಟಾರ್ಟ್ ಆಯ್ತು. ಅರ್ಧ ಗಂಟೆ ಆದಮೇಲೆ ಹೆಡ್ಡಿನ ಅಂಚಲ್ಲಿ 'ಪುಸ್ ಪುಸ್' ಅಂತ ಸದ್ದು. ಹೊಸ ಗ್ಯಾಸ್ಕೆಟ್ಟೂ ಹೋಯ್ತು :(

"ನಟ್ಟು ಬಿಗಿಯಾಯ್ತು, ಹೆಡ್ಡು ಬಿಗಿಯಾಗ್ಲಿಲ್ಲ ಕಣಪ್ಪಾ" ಅಂದರು ದೊಡ್ಡಪ್ಪ.

ಈ ಮಾತು ಅವರು ಎಲ್ಲಿ ಕಲಿತದ್ದು ಅಂತ ಹುಡುಕಿಕೊಂಡು ಹೋದರೆ ಕೆಜಿಎಫ್ ಚರಿತ್ರೆಗೇ ಹೋಗಬೇಕಾಗುತ್ತೆ. ಅದಕ್ಕೇ ಈ ಪೋಸ್ಟು.

1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕಾಲಿಟ್ಟಿತು. ಕಾರ್ನ್‌ವಾಲ್ ಕಡೆಯಿಂದ ಗಣಿ ಕೆಲಸ ಬಲ್ಲವರು ಬಂದರು, ತಮಿಳು ತೆಲುಗು ಸೀಮೆಗಳಿಂದ ಸಾವಿರಾರು ಕೂಲಿಗಳು ಬಂದರು. ನಮ್ಮ ಬಂಗಾರಪೇಟೆ ಆಗ ಬೌರಿಂಗ್‌ಪೇಟೆ, ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಲ್ಲಿ. 1894ರಲ್ಲಿ ಇಲ್ಲಿಂದ ಗಣಿಗಳಿಗೆ ರೈಲು ಹಾದಿ ಬಂತು. ಶುರುವಿನ ಗಣಿಯೆಲ್ಲ ನಡೆದದ್ದು ಉಗಿ ಎಂಜಿನ್ ಮೇಲೆ. ಉಗಿ ಎಂಜಿನ್ನಿನ ಸಿಲಿಂಡರ್‌ಗೂ ಒಂದು ಮುಚ್ಚಳ, ಸುತ್ತ ಬೋಲ್ಟು. ಒಂದು ಕಡೆ ಬಿಗಿ ಹೆಚ್ಚು, ಇನ್ನೊಂದು ಕಡೆ ಕಮ್ಮಿ ಆಯ್ತೋ, ಅಲ್ಲಿಂದ ಉಗಿ ಸೋರುತ್ತೆ.

1902ರ ಜೂನ್ 30ಕ್ಕೆ ಶಿವನಸಮುದ್ರದ ಕರೆಂಟು ಕೆಜಿಎಫ್‌ಗೆ ಬಂತು. 92 ಮೈಲಿ, ಅಂದರೆ ಸುಮಾರು 148 ಕಿ.ಮೀ. ತಂತಿ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ ಅನ್ನೋದನ್ನ ನೆನೆಸಿಕೊಳ್ಳಿ, ಇದು ಎಷ್ಟು ದೊಡ್ಡ ಕೆಲಸ ಅಂತ ಗೊತ್ತಾಗುತ್ತೆ. ಇದರ ಬಗ್ಗೆ ಎಲ್ಲರೂ ಬರೀತಾರೆ. ಆದರೆ ಕರೆಂಟ್ ಬಂದಮೇಲೂ ಸಿಲಿಂಡರ್ ಹೋಗಲಿಲ್ಲ. ನೆಲದಡಿ ಬಂಡೆ ಕೊರೆಯೋ ಡ್ರಿಲ್ ನಡೆಯೋದು ಒತ್ತಿದ ಗಾಳಿಯಿಂದ. ಆ ಗಾಳಿ ಒತ್ತೋದು ಮೇಲಿರೋ ಕಂಪ್ರೆಸರ್. ಅದಕ್ಕೂ ಸಿಲಿಂಡರ್, ಹೆಡ್ಡು, ಬೋಲ್ಟು. ಗಣಿ ಕೊನೆಗೆ ಮೂರು ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿಯಿತು. ಮೇಲೆ ಹೆಡ್ ಸೋರಿದರೆ ಕೆಳಗೆ ಡ್ರಿಲ್ ಹಿಡಿದವನಿಗೆ ಗಾಳಿ ಸಾಲದು.

ದೊಡ್ಡಪ್ಪ ಫಿಟ್ಟರ್ ಆಗಿದ್ದದ್ದು ಇಂಥ ಕಂಪ್ರೆಸರ್ ಹೌಸಿನಲ್ಲಿ. ಅವರ ಮೇಸ್ತ್ರಿ ತಮಿಳಲ್ಲಿ ಬೈದು, ತೆಲುಗಲ್ಲಿ ಸಮಾಧಾನ ಮಾಡಿ ಕೆಲಸ ಕಲಿಸಿದರಂತೆ. ಟಾರ್ಕ್ ರೆಂಚ್ ಕೈಗೆ ಕೊಡೋ ಮೊದಲು ಆರು ತಿಂಗಳು ಬರೀ ಥ್ರೆಡ್ ಉಜ್ಜಿಸಿದರಂತೆ!

ಯಾಕೆ ಅಂತ ನನಗೆ ಆವತ್ತು ಹೊಳೆಯಿತು. ಓದುವಾಗ ಪರೀಕ್ಷೆಗೆ ಬರೆದ ಉತ್ತರವೇ ಅದು. ಬೋಲ್ಟು ಅಂದರೆ ಒಂದು ಗಟ್ಟಿ ಸ್ಪ್ರಿಂಗ್. ಬಿಗಿ ಮಾಡಿದಾಗ ಕೂದಲೆಳೆಯಷ್ಟು ಹಿಗ್ಗುತ್ತೆ, ಆ ಹಿಗ್ಗೇ ಹೆಡ್ಡನ್ನು ಒತ್ತಿ ಹಿಡಿಯೋದು. ಆದರೆ ನಾವು ಹಾಕೋ ಬಲದಲ್ಲಿ ಸುಮಾರು ಅರ್ಧ ನಟ್ಟಿನ ಕೆಳಗಿನ ಉಜ್ಜಾಟಕ್ಕೆ ಹೋಗುತ್ತೆ, ಸುಮಾರು 40 ಶೇಕಡಾ ಥ್ರೆಡ್ಡಿನ ಉಜ್ಜಾಟಕ್ಕೆ. ಹಿಗ್ಗಿಸೋಕೆ ಉಳಿಯೋದು ಸುಮಾರು 10. ಥ್ರೆಡ್ಡಿಗೆ ತುಕ್ಕು ಹಿಡಿದಿದ್ದರೆ ಆ ಹತ್ತರಲ್ಲೂ ಖೋತಾ. ರೆಂಚ್ ಮಾತ್ರ ಪ್ರಾಮಾಣಿಕವಾಗಿ 'ಟಕ್' ಅನ್ನುತ್ತೆ. ನನ್ನ ಕೈಲಿ ಆದದ್ದು ಇದೇ.

ತಮಾಷೆ ಅಂದರೆ, ಟಾರ್ಕ್ ರೆಂಚ್ ಹುಟ್ಟಿದ್ದೂ ಎಂಜಿನ್ನಿಗಾಗಿ ಅಲ್ಲ. 1918ರಲ್ಲಿ ನ್ಯೂಯಾರ್ಕ್ ನಗರದ ನೀರು ಇಲಾಖೆಯ ಕಾನ್ರಾಡ್ ಬಾರ್ ಅನ್ನುವವರು ಇದನ್ನು ಮಾಡಿದರು ಅಂತ ಹೇಳುತ್ತಾರೆ. ಪೈಪ್ ರಿಪೇರಿ ಮಾಡುವಾಗ ಕೆಲಸದವರು ಬೋಲ್ಟನ್ನು ಅತಿಯಾಗಿ ಬಿಗಿದು ಮುರೀತಿದ್ದರಂತೆ. ಅತಿ ಆಗದಿರಲಿ ಅಂತ ಬಂದ ಉಪಕರಣ, ಕಮ್ಮಿ ಆದದ್ದನ್ನ ಪತ್ತೆ ಮಾಡಲ್ಲ.

ದೊಡ್ಡಪ್ಪ ಮತ್ತೆ ಹೆಡ್ ಇಳಿಸಿದರು. ಮೂರನೇ ಗ್ಯಾಸ್ಕೆಟ್ ದುಡ್ಡು ನನ್ನ ಜೇಬಿಂದ :) ತಂತಿ ಬ್ರಷ್ಷಲ್ಲಿ ಸ್ಟಡ್ ಉಜ್ಜಿದರು. ಹೆಡ್ಡಿನ ಮುಖ ಒರೆಸಿ, ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದು ಸಮ ಇದೆಯಾ ನೋಡಿದರು. ಥ್ರೆಡ್ಡಿಗೆ ಎರಡು ಹನಿ ಎಣ್ಣೆ. ನಟ್ಟನ್ನೆಲ್ಲ ಮೊದಲು ಕೈಯಲ್ಲೇ ಕೂರಿಸಿದರು. ಆಮೇಲೆ ಎದುರುಬದುರು, ಮೂರು ಸುತ್ತು. ಮೊದಲ ಸುತ್ತಿಗೆ ಸ್ವಲ್ಪ, ಎರಡನೆಯದಕ್ಕೆ ಇನ್ನಷ್ಟು, ಮೂರನೆಯದಕ್ಕೆ ಪೂರ್ತಿ. ಕೊನೆಯ ಸುತ್ತಿಗೆ ನನ್ನ ರೆಂಚನ್ನೇ ಕೇಳಿ ತಗೊಂಡರು. ಬೋಲ್ಟು ಹೆಚ್ಚಿರೋ ಉದ್ದನೆ ಹೆಡ್ಡಿಗಾದರೆ ನಡುವಿಂದ ಶುರು ಮಾಡಿ ಹೊರಗೆ ಹೋಗಬೇಕು. ಮಂಗಳೂರಿನ ದೋಣಿ ಮೋಟಾರಿಗೂ, ಕೆಜಿಎಫ್‌ನ ಬಿಇಎಂಎಲ್ ಬುಲ್ಡೋಜರಿಗೂ ಕ್ರಮ ಹೆಚ್ಚುಕಮ್ಮಿ ಇದೇ. ಹೊಸ ಎಂಜಿನ್‌ಗಳಲ್ಲಿ ಕೆಲವಕ್ಕೆ ಟಾರ್ಕ್ ಆದಮೇಲೆ ಇಷ್ಟು ಡಿಗ್ರಿ ತಿರುಗಿಸಿ ಅಂತ ಇರುತ್ತೆ, ಬಿಚ್ಚಿದ ಬೋಲ್ಟನ್ನು ಮತ್ತೆ ಬಳಸೋ ಹಾಗೂ ಇಲ್ಲ. ಅದಕ್ಕೆ ಕಂಪನಿಯ ಪುಸ್ತಕ ನೋಡಲೇಬೇಕು.

ಪಂಪ್‌ಸೆಟ್ ಸಂಜೆವರೆಗೆ ಓಡಿತು. ಒಂದು ಗುಳ್ಳೆ ಬರಲಿಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ನಾನು ಇನ್ನೂ ಮಗು. ದೊಡ್ಡಪ್ಪ ಬಂಗಾರಪೇಟೆಗೆ ಬಂದು ಶೆಡ್ ಹಾಕಿದರು. ಕೆಜಿಎಫ್‌ನಿಂದ ದಿನಾ ರೈಲು ಹತ್ತಿ ಬೆಂಗಳೂರಿಗೆ ಹೋಗೋ ಸಾವಿರಾರು ಜನರಲ್ಲಿ ಇಂಥ ಮನೆಗಳ ಮಕ್ಕಳು ಎಷ್ಟೋ. ಗಣಿಯಿಂದ ತೆಗೆದ ಚಿನ್ನಕ್ಕೆ ಲೆಕ್ಕ ಇದೆ, ಸುಮಾರು 800 ಟನ್ ಅಂತಾರೆ. ಆ ವರ್ಕ್‌ಶಾಪುಗಳು ತಯಾರು ಮಾಡಿದ ಕೈಗಳ ಲೆಕ್ಕ ಯಾರೂ ಇಟ್ಟ ಹಾಗಿಲ್ಲ.

ದೊಡ್ಡಪ್ಪನ ಕೈ ಈಗ ಸ್ವಲ್ಪ ನಡುಗುತ್ತೆ. ಶೆಡ್ಡಿಗೆ ಕೆಲಸ ಕಲಿಯೋಕೆ ಹುಡುಗರು ಬರ್ತಿಲ್ಲ. ಹೊರಡುವಾಗ ರೆಂಚ್ ಅಲ್ಲೇ ಬಿಟ್ಟು ಬಂದೆ. ಮುಂದಿನ ಸಲ ಹೋದಾಗ ಅವರ ಮಾತೆಲ್ಲ ರೆಕಾರ್ಡ್ ಮಾಡಿ ಇಲ್ಲೇ ಹಾಕ್ತೀನಿ. ಆದರೆ ಅದಕ್ಕೆ ಮೊದಲು ಥ್ರೆಡ್ ಉಜ್ಜೋದು ಕಲೀಬೇಕಂತೆ, ಷರತ್ತು ಹಾಕಿದ್ದಾರೆ.

ನಿಮ್ಮ ಮನೆಯಲ್ಲೂ ಗಣಿ, ಮಿಲ್ಲು, ರೈಲ್ವೆ ಅಂತ ದುಡಿದ ಹಿರಿಯರು ಇದ್ದರೆ ಒಂದು ಭಾನುವಾರ ಪಕ್ಕದಲ್ಲಿ ಕೂತು ಕೇಳಿ. ಕೇಳಿದ್ದನ್ನ ಬರೀರಿ, ನಾನಂತೂ ಓದ್ತೀನಿ.