‘ನೀರು’ ಎಂಬ ಶಬ್ದದ ವಂಶವಿಚಾರ

ಬಾಯಾರಿದ ಕನ್ನಡಿಗನೊಬ್ಬನು ಅಥೆನ್ಸ್ ನಗರದ ಬೀದಿಯಲ್ಲಿ ನಿಂತು ‘ನೀರು’ ಎಂದು ಕೇಳಿದರೆ ಅವನಿಗೆ ನೀರು ದೊರೆಯುವುದು ಅಸಂಭವವಲ್ಲ. ಏಕೆಂದರೆ ಈಗಿನ ಗ್ರೀಕರು ನೀರನ್ನು ‘ನೆರೊ’ ಎಂದು ಕರೆಯುತ್ತಾರೆ. ಧ್ವನಿಯೂ ಅರ್ಥವೂ ಇಷ್ಟು ಹತ್ತಿರವಾಗಿರುವಾಗ ಎರಡು ಶಬ್ದಗಳೂ ಒಂದೇ ಬೇರಿನವೆಂದು ಊಹಿಸುವುದು ಸಹಜ. ಭಾಷಾಭಿಮಾನವುಳ್ಳವರಿಗೆ ಈ ಊಹೆಯು ಪ್ರಿಯವೂ ಆಗಿದೆ. ಆದರೆ ಪ್ರಿಯವಾದುದೆಲ್ಲವೂ ಸತ್ಯವಲ್ಲವಾದುದರಿಂದ ಈ ಶಬ್ದಗಳ ವಂಶವನ್ನು ಶೋಧಿಸಿ ನೋಡುವುದು ಯುಕ್ತ.

ಈ ಊಹೆಗೆ ಆಸರೆಯಾಗಿ ಒಂದು ಸಂಗತಿಯನ್ನು ಹೇಳುವುದುಂಟು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಪಪೈರಸ್ ಪತ್ರವೊಂದರಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಹಿಂದೂದೇಶದ ಕರಾವಳಿಯಲ್ಲಿ ಸೆರೆಯಾದ ಖಾರಿಟಿಯನ್ ಎಂಬ ಗ್ರೀಕ್ ಯುವತಿಯ ಬಿಡುಗಡೆಯೇ ಅದರ ವಸ್ತು. ಅಲ್ಲಿನ ಪರಕೀಯ ಪಾತ್ರಗಳ ಮಾತು ಕನ್ನಡವೆಂದು ಶಾಸನತಜ್ಞ ಹುಲ್ಟ್ಸ್ ಪಂಡಿತರು 1904ರಲ್ಲಿ ಸೂಚಿಸಿದರು. ಆ ವಿಷಯದಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ಕ್ರಿಸ್ತಶಕದ ಆದಿಯಲ್ಲಿ ಯವನರ ನೌಕೆಗಳು ನಮ್ಮ ಪಶ್ಚಿಮ ತೀರಕ್ಕೆ ಬರುತ್ತಿದ್ದುದೇನೋ ನಿಶ್ಚಿತ. ಆದರೆ ವ್ಯಾಪಾರವು ನಡೆದುದು ಬೇರೆ, ಶಬ್ದವು ಹುಟ್ಟಿದುದು ಬೇರೆ.

ಪ್ರಾಚೀನ ಗ್ರೀಕ್ ಭಾಷೆಯಲ್ಲಿ ನೀರಿಗೆ ‘ಹ್ಯುದೋರ್’ ಎಂದು ಹೆಸರು. ಹೋಮರನಲ್ಲಿಯೂ ಪ್ಲೇಟೋವಿನಲ್ಲಿಯೂ ಕಾಣುವ ಶಬ್ದವಿದು. ಸಂಸ್ಕೃತದ ‘ಉದನ್’, ‘ಉದಕ’ಗಳು ಇದರ ಸೋದರಶಬ್ದಗಳು. ‘ನೆರೊ’ ಎಂಬುದಾದರೋ ಮೊದಲು ನೀರಿನ ಹೆಸರೇ ಆಗಿರಲಿಲ್ಲ. ‘ಹೊಸದು, ತಾಜಾ’ ಎಂಬರ್ಥದ ‘ನೆಆರೊಸ್’ ಎಂಬ ವಿಶೇಷಣವು ಸವೆದು ‘ನೇರೊನ್’ ಎಂದಾಗಿ, ‘ನೇರೊನ್ ಹ್ಯುದೋರ್’, ಅಂದರೆ ಆಗತಾನೆ ತಂದ ನೀರು, ಎಂಬ ಪ್ರಯೋಗವು ಜನರ ಮಾತಿನಲ್ಲಿ ರೂಢಿಯಾಯಿತು. ಕ್ರಿಸ್ತಶಕ 2ನೆಯ ಶತಮಾನದ ವೈಯಾಕರಣ ಫ್ರೀನಿಕಸನು ಇದು ಶಿಷ್ಟಪ್ರಯೋಗವಲ್ಲವೆಂದು ನಿಷೇಧಿಸಿದನು. ಜನರು ಅವನ ಮಾತನ್ನು ಕೇಳಲಿಲ್ಲ. ಕಾಲಕ್ರಮದಲ್ಲಿ ವಿಶೇಷ್ಯವೇ ಬಿದ್ದುಹೋಗಿ ವಿಶೇಷಣವೇ ನೀರಿನ ಹೆಸರಾಗಿ ನಿಂತಿತು. ಆದುದರಿಂದ ಗ್ರೀಕರ ‘ನೆರೊ’ವಿಗೆ ಸಂಸ್ಕೃತದಲ್ಲಿ ನಂಟು ಹುಡುಕಿದರೆ ಅದು ‘ನೀರ’ವಲ್ಲ, ‘ನವ’ ಎಂಬ ಶಬ್ದ. ನಿಷೇಧಿಸಿದವನ ಲೇಖನಿಯೇ ಶಬ್ದದ ಜನ್ಮಪತ್ರಿಕೆಯನ್ನು ಉಳಿಸಿಕೊಟ್ಟಿತು.

ಇದೇ ಧ್ವನಿಯ ಶಬ್ದಗಳು ಇಟಲಿಯಲ್ಲಿಯೂ ಉಂಟು. ಇಟಾಲಿಯನ್ ಭಾಷೆಯ ‘ನೇರೊ’ ಎಂದರೆ ಕಪ್ಪು; ಅದು ಲ್ಯಾಟಿನ್ನಿನ ‘ನಿಗೆರ್’ ಶಬ್ದದಿಂದ ಬಂದುದು. ಕ್ರಿಸ್ತಶಕ 54ರಿಂದ 68ರವರೆಗೆ ರೋಮನ್ನಾಳಿದ ನೀರೋ ಚಕ್ರವರ್ತಿಯ ಹೆಸರಿಗೆ ಸಬೈನರ ನುಡಿಯಲ್ಲಿ ‘ವೀರ, ಬಲಶಾಲಿ’ ಎಂಬರ್ಥವಿತ್ತೆಂದು ಚರಿತ್ರಕಾರ ಸುಯೆಟೋನಿಯಸನು ಬರೆದಿದ್ದಾನೆ. ಭಾಷಾಶಾಸ್ತ್ರಜ್ಞರು ಅದನ್ನು ನಮ್ಮ ‘ನರ’ ಶಬ್ದದ ಬಳಗಕ್ಕೆ ಸೇರಿಸುತ್ತಾರೆ. ಹೀಗೆ ಕಿವಿಗೆ ಒಂದೇ ಆಗಿ ಕೇಳುವ ಮೂರು ಶಬ್ದಗಳಿಗೆ ಮೂರು ಬೇರೆ ಬೇರೆ ಮನೆತನಗಳು.

ಹಾಗಾದರೆ ಕನ್ನಡದ ‘ನೀರು’ ಯಾವ ಮನೆತನದ್ದು? ತಮಿಳು, ಮಲಯಾಳ, ತುಳುಗಳಲ್ಲಿ ‘ನೀರ್’, ತೆಲುಗಿನಲ್ಲಿ ‘ನೀರು’, ಅದರ ಬಹುವಚನ ‘ನೀಳ್ಳು’. ಕನ್ನಡದಲ್ಲಿ ಕಣ್ಣೀರು, ತಣ್ಣೀರು, ಎಳನೀರು, ಮುನ್ನೀರು ಎಂದು ಇದರ ಸಂತಾನವು ವಿಸ್ತಾರವಾಗಿದೆ. ಇಲ್ಲಿಂದ ಬಹುದೂರದ ಬಲೂಚಿಸ್ತಾನದ ಬ್ರಾಹೂಈ ಜನರು ನೀರನ್ನು ‘ದೀರ್’ ಎನ್ನುತ್ತಾರೆ. ಮೇಲುನೋಟಕ್ಕೆ ಅಪರಿಚಿತವಾದ ಈ ಶಬ್ದವೇ ನಿಜವಾದ ಬಂಧು. ಏಕೆಂದರೆ ನಮ್ಮ ‘ನೆತ್ತರು’ ಅವರಲ್ಲಿ ‘ದಿತರ್’ ಆಗಿದೆ. ಇಲ್ಲಿ ನಕಾರವಿದ್ದೆಡೆ ಅಲ್ಲಿ ದಕಾರವು ಬರುವುದಕ್ಕೆ ಒಂದು ಕ್ರಮವುಂಟು. 1961ರಲ್ಲಿ ಬರೋ ಮತ್ತು ಎಮೆನೋ ಎಂಬ ವಿದ್ವಾಂಸರು ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿಕೋಶವು ಈ ಶಬ್ದಗಳನ್ನು ಒಂದೆಡೆಯಲ್ಲಿ ಸೇರಿಸಿದೆ.

ಸಂಸ್ಕೃತದ ‘ನೀರ’ದ ಮಾತೂ ವಿಚಾರಾರ್ಹವಾದುದು. ನೀರಜ, ನೀರದ ಮೊದಲಾದ ಪದಗಳನ್ನು ಕಂಡು ‘ನೀರು’ ತದ್ಭವವೆಂದು ಎಣಿಸುವವರು ಹಲವರು. ಆದರೆ ಋಗ್ವೇದದಲ್ಲಿ ಆಪಃ, ಉದಕ, ಸಲಿಲ ಎಂಬ ಶಬ್ದಗಳಿರುವುವೇ ಹೊರತು ‘ನೀರ’ ಶಬ್ದವಿಲ್ಲ. ಅದು ತರುವಾಯದ ವಾಙ್ಮಯದಲ್ಲಿ ತೋರುವುದು. 1856ರಲ್ಲಿ ಕಾಲ್ಡ್‌ವೆಲ್ ಪಾದ್ರಿಗಳು ಇದನ್ನು ದ್ರಾವಿಡದಿಂದ ಸಂಸ್ಕೃತವು ಪಡೆದ ಶಬ್ದಗಳಲ್ಲಿ ಗಣಿಸಿದರು. ‘ಮೀನ’ ಶಬ್ದಕ್ಕೂ ಇದೇ ಗತಿಯನ್ನು ಹೇಳುತ್ತಾರೆ. ಸಾಲ ಕೊಟ್ಟವನನ್ನೇ ಸಾಲಗಾರನೆಂದು ಕರೆದಂತಾಗಿತ್ತು.

ಕನ್ನಡದ ಒಳಗೇ ಮತ್ತೊಂದು ಎಚ್ಚರಿಕೆಯಿದೆ. ಹಳಗನ್ನಡದಲ್ಲಿ ‘ನೀರ್’ ಎಂದರೆ ಜಲ, ಶಕಟರೇಫೆಯುಳ್ಳ ‘ನೀಱು’ ಎಂದರೆ ಬೂದಿ. ತಮಿಳರು ವಿಭೂತಿಯನ್ನು ಇಂದಿಗೂ ‘ತಿರುನೀಱು’ ಎನ್ನುತ್ತಾರೆ. ಅವರ ಬರಹದಲ್ಲಿ ಎರಡು ರೇಫೆಗಳ ಭೇದವು ಉಳಿದಿದೆ. ನಮ್ಮಲ್ಲಿ ಶಕಟರೇಫೆಯು ಲೋಪವಾಗಿ, ಬೆಂಕಿಯಲ್ಲಿ ಉಳಿದುದೂ ಬೆಂಕಿಯನ್ನು ಆರಿಸುವುದೂ ಒಂದೇ ಶಬ್ದವಾದುವು. ಒಂದು ಅಕ್ಷರವು ಮರೆಯಾದರೆ ಎರಡು ವಂಶಗಳ ಗುರುತು ಅಳಿಯುತ್ತದೆ.

ಧ್ವನಿಸಾದೃಶ್ಯವು ಸಂಬಂಧಕ್ಕೆ ಪ್ರಮಾಣವಲ್ಲ. ಕ್ರಮಬದ್ಧವಾದ ವ್ಯತ್ಯಾಸವೇ ಪ್ರಮಾಣ. ಅಥೆನ್ಸಿನ ನಂಟನ್ನು ಬಿಟ್ಟುಕೊಡುವುದರಿಂದ ಕನ್ನಡಕ್ಕೆ ಆಗುವ ನಷ್ಟವೇನೂ ಇಲ್ಲ. ಬಲೂಚಿಸ್ತಾನದ ಕುರುಬನ ಬಾಯಲ್ಲಿ ಬದುಕಿರುವ, ಸಂಸ್ಕೃತ ಕವಿಗಳು ಎರವಲು ಪಡೆದ, ನಮ್ಮ ಮನೆಮನೆಯ ಮಕ್ಕಳು ದಿನವೂ ಕೇಳುವ ಶಬ್ದಕ್ಕೆ ಸುಳ್ಳು ವಂಶಾವಳಿಯ ಅಲಂಕಾರವು ಬೇಕಾಗಿಲ್ಲ.