ಗಾಲಿ ತಿದ್ದಿದ ಕೈಗಳು

ರಟ್ಟೀಹಳ್ಳಿಯ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಮುಖ್ಯವಾಗಿ ಎರಡು ಕಾರಣಗಳಿಂದ ಬರುತ್ತದೆ. ಒಂದು, ಕುಮುದ್ವತಿಯ ದಂಡೆಯ ಈ ಊರಿನಲ್ಲಿರುವ ಕದಂಬೇಶ್ವರ ದೇವಾಲಯ. ಇನ್ನೊಂದು, 1764ರಲ್ಲಿ ಪೇಶವೆ ಮಾಧವರಾಯನ ಸೈನ್ಯಕ್ಕೂ ಹೈದರ ಅಲಿಯ ಸೈನ್ಯಕ್ಕೂ ಇಲ್ಲಿ ನಡೆದ ಕಾಳಗ. ದಾನ ಕೊಟ್ಟವರ ಹಾಗೂ ಕಾದಿದವರ ಹೆಸರುಗಳನ್ನು ಇತಿಹಾಸವು ಕಾಪಾಡುತ್ತದೆ. ಕಲ್ಲು ಹೇರಿದ ಬಂಡಿಯ ಗಾಲಿ ಸಡಿಲಾದಾಗ ಅದನ್ನು ತಿದ್ದಿದವನಾರು, ತೋಪಿನ ಗಾಡಿಯ ಅಚ್ಚು ಮುರಿದಾಗ ಹೊಸದನ್ನು ಕೂಡಿಸಿದವನಾರು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಕಟ್ಟುವುದಕ್ಕೆ ಶಾಸನವುಂಟು, ಕೆಡವುವುದಕ್ಕೂ ಬಖರುಂಟು. ದುರಸ್ತಿಗೆ ಎರಡೂ ಇಲ್ಲ. ಬಂಡಿಯ ಕಾಲದ ಈ ಮರೆವು ಮೋಟಾರಿನ ಕಾಲದಲ್ಲಿಯೂ ಮುಂದುವರಿಯಿತು. ಒಂದು ತಲೆಮಾರಿನವರಿಗೆ ಚಿರಪರಿಚಿತವಾಗಿದ್ದು ಇಂದು ಕಣ್ಮರೆಯಾಗಿರುವ ಸ್ಟೇಶನ್ ವ್ಯಾಗನ್ ಎಂಬ ವಾಹನವು ಇದಕ್ಕೆ ಒಳ್ಳೆಯ ಉದಾಹರಣೆ.

ಈ ವಾಹನದ ಹೆಸರಿನಲ್ಲಿಯೇ ಅದರ ಚರಿತ್ರೆ ಇದೆ. ರೈಲು ನಿಲ್ದಾಣದಲ್ಲಿ ಇಳಿದವರನ್ನೂ ಅವರ ಗಂಟುಮೂಟೆಗಳನ್ನೂ ಒಟ್ಟಿಗೆ ಹೊತ್ತು ಊರು ಮುಟ್ಟಿಸಲೆಂದು ಅಮೇರಿಕಾದಲ್ಲಿ ಹುಟ್ಟಿದ ಗಾಡಿ ಇದು. ಹಾಗೆ ನೋಡಿದರೆ ನಮ್ಮ ಸೀಮೆಗೆ ಇದಕ್ಕಿಂತ ತಕ್ಕ ವಾಹನ ಮತ್ತೊಂದಿರಲಿಲ್ಲ. 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹಾಕಿದ ರೈಲುದಾರಿಯು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಮುಟ್ಟಿ ಹೋಯಿತು. ಹಾನಗಲ್ಲ, ಹಿರೇಕೆರೂರ, ರಟ್ಟೀಹಳ್ಳಿಗಳು ಬದಿಗೆ ಉಳಿದವು. ನಿಲ್ದಾಣಕ್ಕೂ ಊರಿಗೂ ನಡುವಿನ ಹಲವು ಹರದಾರಿಗಳನ್ನು ಚಕ್ಕಡಿಯೇ ತುಂಬಬೇಕಾಗಿತ್ತು. ಮುಂದೆ ಮೋಟಾರು ಬಂದಾಗಲೂ ಇಂಥ ಊರುಗಳಿಗೆ ಬೇಕಾದದ್ದು ನಾಲ್ವರು ಕೂಡುವ ಸೊಗಸಿನ ಕಾರಲ್ಲ; ಮುಂದೆ ಜನ, ಹಿಂದೆ ಮೆಣಸಿನಕಾಯಿ ಚೀಲ ಹಿಡಿಸುವ ಉದ್ದನೆಯ ಗಾಡಿ.

ಮೊದಮೊದಲಿನ ವ್ಯಾಗನ್ನುಗಳ ಒಡಲು ಮರದ್ದು. ಫೋರ್ಡ್ ಕಂಪನಿಯು 1929ರಲ್ಲಿ ತನ್ನ ‘ಎ’ ಮಾದರಿಯ ಮೇಲೆ ಕಟ್ಟಿದ ವ್ಯಾಗನ್ನಿನ ಹಿಂಬದಿಯೆಲ್ಲ ಹಲಗೆಯ ಕೆಲಸವೇ. ಇಂಗ್ಲಂಡಿನಲ್ಲಿ 1953ರಲ್ಲಿ ಬಂದ ಮಾರಿಸ್ ಮೈನರ್ ಟ್ರಾವೆಲರ್ ಗಾಡಿಯ ಹಿಂಭಾಗವೂ ಮರದ ಚೌಕಟ್ಟಿನ ಮೇಲೆಯೇ ನಿಂತಿತ್ತು. ಆ ಚೌಕಟ್ಟು ಅಲಂಕಾರಕ್ಕಲ್ಲ, ಭಾರ ಹೊರುವುದಕ್ಕೆ. ಕೂಡುಗಳಲ್ಲಿ ನೀರಿಳಿದು ಕೊಳೆತರೆ ಗಾಡಿಯ ಬಲವೇ ಕುಂದುತ್ತಿತ್ತು. ಪೂರ್ಣವಾಗಿ ಉಕ್ಕಿನ ಒಡಲುಳ್ಳ ವ್ಯಾಗನ್ನನ್ನು ವಿಲ್ಲಿಸ್ ಕಂಪನಿಯು 1946ರಲ್ಲಿ ಹೊರತಂದಿತು. ಮುಂಬಯಿಯ ಮಹೀಂದ್ರ ಸಂಸ್ಥೆಯು ವಿಲ್ಲಿಸ್ ಜೀಪುಗಳ ಜೋಡಣೆಗೆ ತೊಡಗಿದ ಮೇಲೆ ಆ ವ್ಯಾಗನ್ನೂ ನಮ್ಮ ರಸ್ತೆಗಳಲ್ಲಿ ಕಾಣಿಸಿಕೊಂಡಿತು. ಮಹಾಯುದ್ಧ ಮುಗಿದಾಗ ಸೈನ್ಯವು ಮಾರಿದ ಹಳೆಯ ಜೀಪುಗಳ ಮೇಲೆ ಸ್ಥಳೀಯ ಬಡಿಗರು ಹಲಗೆ-ತಗಡುಗಳಿಂದ ಕಟ್ಟಿದ ಗಾಡಿಗಳೂ ಈ ವರ್ಗಕ್ಕೇ ಸೇರಿದವು. ಮುಂದೆ ಹಿಂದುಸ್ತಾನ್ ಮೋಟರ್ಸ್ ಅಂಬಾಸಿಡರಿನದೇ ಉದ್ದನೆಯ ರೂಪವೊಂದನ್ನು ತಯಾರಿಸಿತು.

ಇಂಥ ಗಾಡಿಗಳನ್ನು ಒಡೆಯರೂ ಚಾಲಕರೂ ತಾವೇ ದುರಸ್ತಿ ಮಾಡಿಕೊಳ್ಳುವಂತಾದುದೇಕೆ? ಊರು ದೂರ, ರಸ್ತೆ ಕೆಟ್ಟದ್ದು ಎಂಬ ಕಾರಣ ಇದ್ದೇ ಇದೆ. ಅದಕ್ಕೂ ದೊಡ್ಡದಾದ ಕಾರಣವು ದೇಶದ ಆರ್ಥಿಕ ಚರಿತ್ರೆಯಲ್ಲಿದೆ. ಭಾರತದಲ್ಲಿಯೇ ಮೋಟಾರು ತಯಾರಾಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ಯೋಜನೆ ಸಿದ್ಧಪಡಿಸಿ, ಯೂರೋಪು ಅಮೇರಿಕಾಗಳ ಕಾರಖಾನೆಗಳನ್ನು ಕಂಡು ಬಂದಿದ್ದರು. ಅಂದಿನ ಬ್ರಿಟಿಷ್ ಸರಕಾರ ಅದಕ್ಕೆ ಬೆಂಬಲ ಕೊಡಲಿಲ್ಲ. ಬಿರ್ಲಾ ಅವರ ಹಿಂದುಸ್ತಾನ್ ಮೋಟರ್ಸ್ 1942ರಲ್ಲಿ, ವಾಲಚಂದ ಹಿರಾಚಂದರ ಪ್ರೀಮಿಯರ್ ಸಂಸ್ಥೆ 1944ರಲ್ಲಿ ಹುಟ್ಟಿದವು. ಅಲ್ಲಿಯವರೆಗೆ ಇಲ್ಲಿ ನಡೆದದ್ದು ಹೊರಗಿನಿಂದ ಬಿಡಿಭಾಗ ತರಿಸಿ ಜೋಡಿಸುವ ಕೆಲಸ ಮಾತ್ರ. ಹಾಗೆ ಜೋಡಿಸುವ ಕಂಪನಿಗಳು ದೇಶದಲ್ಲಿಯೇ ತಯಾರಿಸುವ ಕಾರ್ಯಕ್ರಮ ಹಾಕಿಕೊಳ್ಳದಿದ್ದರೆ 3 ವರ್ಷಗಳೊಳಗೆ ಮುಚ್ಚಬೇಕೆಂದು 1953ರಲ್ಲಿ ಸರಕಾರ ನಿರ್ಧರಿಸಿತು. ಫೋರ್ಡ್ ಮತ್ತು ಜನರಲ್ ಮೋಟರ್ಸ್ ಕಂಪನಿಗಳು ಅಂಗಡಿ ಕಟ್ಟಿಕೊಂಡು ಹೋದವು. ನಿರ್ಧಾರ ಸರಿಯಾದುದೇ, ಆದರೆ ಫೋರ್ಡ್, ಷೆವರ್ಲೆ ಗಾಡಿಗಳು ರಾತ್ರೋರಾತ್ರಿ ತಾಯಿಯಿಲ್ಲದ ಮಕ್ಕಳಾದವು. ಹೊಸ ಗಾಡಿ ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಹಳೆಯದಕ್ಕೆ ಬಿಡಿಭಾಗ ಸಿಗದು. ಇದ್ದುದನ್ನೇ ಬಾಳಿಸುವುದು ಅನಿವಾರ್ಯವಾಯಿತು.

ಅನಿವಾರ್ಯವೆಂದ ಮಾತ್ರಕ್ಕೆ ಕೆಲಸ ಬಂದುಬಿಡುವುದಿಲ್ಲ, ಕೈ ಬರಬೇಕು. ಆ ಕೈ ನಮ್ಮ ಹಳ್ಳಿಗಳಲ್ಲಿ ಮೊದಲೇ ಇದ್ದಿತು. ಸುಗ್ಗಿಯ ಕಣದಲ್ಲಿ ಆಯ ಪಡೆದು ವರ್ಷವಿಡೀ ಊರಿನ ಒಕ್ಕಲುತನದ ಸಾಮಾನುಗಳನ್ನು ತಿದ್ದಿಕೊಡುತ್ತಿದ್ದ ಬಡಿಗೇರನೂ ಕಂಬಾರನೂ ಮೋಟಾರು ಬರುವ ಎಷ್ಟೋ ಶತಮಾನ ಮೊದಲೇ ಗಾಲಿಯ ಶಾಸ್ತ್ರವನ್ನು ಬಲ್ಲವರು. ಚಕ್ಕಡಿಯ ಗಾಲಿಗೆ ಹಳಿ ಏರಿಸುವುದನ್ನು ಕಂಡವರಿಗೆ ಈ ಮಾತು ಹೊಸದಲ್ಲ. ಗಾಲಿಗಿಂತ ತುಸು ಚಿಕ್ಕದಾಗಿ ಬಳೆ ಮಾಡಿದ ಕಬ್ಬಿಣದ ಪಟ್ಟಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಸಿ, ಹಿಗ್ಗಿದಾಗ ಮರದ ಗಾಲಿಯ ಮೇಲೆ ಇಳಿಸಿ, ತಟ್ಟನೆ ನೀರು ಸುರಿಯುತ್ತಾರೆ. ಕಬ್ಬಿಣ ಕುಗ್ಗಿ ಗಾಲಿಯ ಕೂಡುಗಳನ್ನೆಲ್ಲ ಬಿಗಿದು ಹಿಡಿಯುತ್ತದೆ. ಕಾಯಿಸಿದರೆ ಲೋಹ ಹಿಗ್ಗುವುದೆಂಬ ಪಾಠವನ್ನು ಕಾಲೇಜಿನಲ್ಲಿ ಕಲಿಯದೆ ಕಲಿತವನಿಗೆ, ಮೋಟಾರಿನ ಅಚ್ಚಿಗೆ ಬಿಗಿಯಾದ ಬೇರಿಂಗನ್ನು ಕಾಸಿ ಕೂಡಿಸುವುದು ಹೊಸ ವಿದ್ಯೆಯೆನಿಸಲಿಲ್ಲ.

ವ್ಯಾಗನ್ನಿನ ದಿನದಿನದ ಆರೈಕೆಯಲ್ಲಿ ಚಕ್ಕಡಿಯ ಸಂಸ್ಕಾರ ಎದ್ದು ಕಾಣುತ್ತಿತ್ತು. ಚಕ್ಕಡಿ ಹೊಡೆಯುವವನು ಹರಳೆಣ್ಣೆಯ ಗೊಟ್ಟವನ್ನು ಗಾಡಿಗೇ ತೂಗಹಾಕಿ, ಅಚ್ಚು ಕಿರುಗುಟ್ಟುವ ಮೊದಲೇ ಕೀಲೆಣ್ಣೆ ಹಾಕುವನು. ಆ ಅಭ್ಯಾಸವೇ ಗ್ರೀಸ್ ಗನ್ನು ಹಿಡಿದು ಗಾಡಿಯ ಕೆಳಗೆ ಅಂಗಾತ ಮಲಗಿ, ಕೀಲುಕೀಲಿಗೂ ಗ್ರೀಸು ತುಂಬುವ ಅಭ್ಯಾಸವಾಯಿತು. ಗಾಡಿ ಕಿರುಗುಟ್ಟಿದ ಮೇಲೆ ಎಣ್ಣೆ ಹುಡುಕುವವನು ಎರಡು ಕಾಲದಲ್ಲಿಯೂ ದಡ್ಡನೇ.

ಎಂಜಿನ್ನಿನ ಕೆಲಸವೂ ಅಂದು ಕಣ್ಣಿಗೆ ಕಾಣುವಂಥದು, ಕೈಗೆ ಸಿಗುವಂಥದು. ಪ್ಲಗ್ಗನ್ನು ಬಿಚ್ಚಿ, ಮಸಿ ಉಜ್ಜಿ, ತುದಿಗಳ ನಡುವೆ ಇಂಚಿನ ಸಾವಿರದಲ್ಲಿ 25 ಪಾಲು ಅಂತರವಿಡಬೇಕು. ಕಿಡಿಯ ಹೊತ್ತನ್ನು ನಿರ್ಣಯಿಸುವ ಪಾಯಿಂಟುಗಳ ನಡುವೆ 15 ಪಾಲು. ಅಂಬಾಸಿಡರಿನ ಲೆಕ್ಕವಿದು. ಅಳತೆಯ ತಗಡು ಇಲ್ಲದವರು ಗಟ್ಟಿ ಕಾಗದದ ತುಂಡಿನಿಂದ ಅಂದಾಜು ಮಾಡುವರು. ಕಾರ್ಬುರೇಟರಿನ ಸಣ್ಣ ತೂತಿನಲ್ಲಿ ಕಸ ಕೂತರೆ ಬಾಯಿಂದ ಊದಿದರಾಯಿತು. ಶಕ್ತಿ ಕುಂದಿದ ಎಂಜಿನ್ನಿನ ತಲೆ ಬಿಚ್ಚಿ ಕರಿ ಕೆರೆದು, ಕವಾಟಗಳಿಗೆ ಮಸೆಯುವ ಲೇಪ ಹಚ್ಚಿ, ಹಿಡಿಯ ಕಡ್ಡಿಯನ್ನು ಎರಡು ಅಂಗೈಗಳ ನಡುವೆ ಅತ್ತಿತ್ತ ತಿರುವುತ್ತ ಕೂಡುವವನನ್ನು ಕಂಡರೆ, ಮೊಸರು ಕಡೆಯುತ್ತಿರುವನೇನೋ ಎನಿಸಬೇಕು. ಕೈಗೆ ಗರಗರ ಎನ್ನುವುದು ನಿಂತು ನುಣುಪು ತಿಳಿಯುವವರೆಗೆ ಅದು ಮುಗಿಯದು.

ಇನ್ನು ದಾರಿಯಲ್ಲಿ ಕೆಟ್ಟು ನಿಂತಾಗಿನ ಉಪಾಯಗಳು ಅಡಿಗೆಮನೆಯಿಂದ ಬಂದವು. ರೇಡಿಯೇಟರು ಸೋರಿದರೆ ಅರಿಸಿನ ಪುಡಿ ಹಾಕುವುದು. ಪೆಟ್ರೋಲ್ ಟ್ಯಾಂಕಿನ ಬಿರುಕಿಗೆ ಸಾಬೂನು ಮೆತ್ತುವುದು. ಬೇಸಿಗೆಯಲ್ಲಿ ಪೆಟ್ರೋಲು ಆವಿಯಾಗಿ ಎಂಜಿನ್ನು ಮೊಂಡು ಹಿಡಿದರೆ ಪಂಪಿಗೆ ಒದ್ದೆ ಬಟ್ಟೆ ಸುತ್ತುವುದು. ಇವೆಲ್ಲ ಊರು ಮುಟ್ಟುವ ಮಟ್ಟಿಗಿನ ಉಪಾಯಗಳೇ ಹೊರತು ಶಾಶ್ವತ ಚಿಕಿತ್ಸೆಯಲ್ಲ. ಬ್ರೇಕಿಗೂ ಇದೇ ಧೈರ್ಯ ತೋರಿಸಿದವರು ಗಂಡಾಂತರ ತಂದುಕೊಂಡದ್ದೂ ಉಂಟು. ಆ ಕಾಲವನ್ನು ಹೊಗಳುವಾಗ ಇದನ್ನು ಮರೆಯಬಾರದು. ಚಳಿಯಲ್ಲಿ ಹ್ಯಾಂಡಲ್ ಹೊಡೆದು ತೋಳು ಉಳುಕಿಸಿಕೊಂಡ ಕ್ಲೀನರ್ ಹುಡುಗರನ್ನೂ ಮರೆಯಬಾರದು.

ಸಂಬಂಧ ಒಂದೇ ದಿಕ್ಕಿನದಾಗಿರಲಿಲ್ಲ. ಗಾಡಿಯ ಕಮಾನುಪಟ್ಟಿ ಮುರಿದರೆ ಕಂಬಾರನು ತನ್ನ ಕುಲುಮೆಯಲ್ಲಿ ಬೇರೆಯದನ್ನು ಬಾಗಿಸಿ ಹದ ಹಾಕಿ ಕೊಡುವನು. ಮುರಿದ ಉಕ್ಕು ಅವನ ಕೈಯಲ್ಲಿ ಕುಡಗೋಲಾಗಿ ಹೊಲಕ್ಕೆ ಹೋಗುವುದು. ಹಳೆಯ ಮೋಟಾರಿನ ಅಚ್ಚು, ಟೈರುಗಳು ಕೊನೆಗೆ ಚಕ್ಕಡಿಗೇ ಸೇರಿದವು. ಬಂಡಿ ವ್ಯಾಗನ್ನಿಗೆ ಕಲಿಸಿತು; ವ್ಯಾಗನ್ನು ಸಾಯುವಾಗ ಬಂಡಿಗೆ ಗಾಲಿ ಕೊಟ್ಟಿತು.

ಈ ದುರಸ್ತಿಯ ವಿದ್ಯೆ ದೊಡ್ಡ ಉದ್ಯಮಕ್ಕೂ ಮೂಲವಾಯಿತೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಸಾಕ್ಷಿಯಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ತೆರೆದದ್ದು ಸೈಕಲ್ಲಿನ ಅಂಗಡಿ. ಅಲ್ಲಿಂದ ಕಬ್ಬಿಣದ ನೇಗಿಲು, ಅಲ್ಲಿಂದ ಕಾರಖಾನೆ. ಆ ಮನೆತನದ ಮೈಸೂರು ಕಿರ್ಲೋಸ್ಕರ ಸಂಸ್ಥೆ 1941ರಲ್ಲಿ ಹರಿಹರದಲ್ಲಿ ಹುಟ್ಟಿ ಲೇಥು ಯಂತ್ರಗಳನ್ನು ಮಾಡಿತು. ಲೇಥು ಒಂದಿದ್ದರೆ ಸಿಗದ ಬಿಡಿಭಾಗವನ್ನು ಕಡೆದೇ ತೆಗೆಯಬಹುದು. ಸಣ್ಣ ಊರಿನ ದುರಸ್ತಿಗೆ ಅದು ಕಲ್ಪವೃಕ್ಷ.

ಇದೆಲ್ಲವೂ ನಮ್ಮ ಭಾಷೆಯಲ್ಲಿ ಗುರುತು ಬಿಟ್ಟಿದೆ. ಗಾಡಿಯ ಜೊತೆ ಬರುತ್ತಿದ್ದ ಕೈಪಿಡಿ ಇಂಗ್ಲಿಷಿನದು. ಕೆಲಸ ನಡೆದದ್ದು ನಮ್ಮ ಮಾತಿನಲ್ಲಿ. ಅಚ್ಚು, ಕೀಲು, ಕಮಾನು ಎಂಬ ಬಂಡಿಯ ಮಾತುಗಳು ಮೋಟಾರಿನ ಕೆಳಗೂ ನುಸುಳಿದವು. ಪಾನಾ, ಕಾನಸು ಎಂಬವು ಮರಾಠಿಯ ಕಡೆಯಿಂದ ಬಂದವು. ಹೆಚ್ಚುವರಿ ಗಾಲಿಯನ್ನು ಇಂದಿಗೂ ‘ಸ್ಟೆಪ್ನಿ’ ಎನ್ನುತ್ತೇವೆ. ಅದು ವೇಲ್ಸಿನ ಲನೆಥ್ಲಿ ಎಂಬ ಊರಿನ ಒಂದು ಬೀದಿಯ ಹೆಸರು. ಮೋಟಾರುಗಳಿಗೆ ಹೆಚ್ಚುವರಿ ಗಾಲಿಯೇ ಇಲ್ಲದಿದ್ದ 1904ರಲ್ಲಿ ಅದನ್ನು ಮಾರಲಾರಂಭಿಸಿದ ಅಂಗಡಿ ಆ ಬೀದಿಯಲ್ಲಿತ್ತು. ಇಂಗ್ಲಿಷರು ಬಹುಮಟ್ಟಿಗೆ ಮರೆತ ಆ ಹೆಸರನ್ನು ನಮ್ಮ ಪಂಚರ್ ಅಂಗಡಿಯವರು ಉಳಿಸಿಕೊಂಡಿದ್ದಾರೆ.

ಅಂಬಾಸಿಡರ್ 1957ರಿಂದ 2014ರವರೆಗೆ ತಯಾರಾಯಿತು. ಮೂಲ ರೂಪ ಹೆಚ್ಚು ಬದಲಾಗದ್ದರಿಂದ ಒಂದರ ಅಂಗ ಇನ್ನೊಂದಕ್ಕೆ ಒಪ್ಪುತ್ತಿತ್ತು. ಇಂದಿನ ವಾಹನಗಳು ಹೆಚ್ಚು ಸುರಕ್ಷಿತ, ಕಡಿಮೆ ಹೊಗೆಯವು. ಇದರಲ್ಲಿ ಎರಡು ಮಾತಿಲ್ಲ. ಆದರೆ ಅವುಗಳ ಮುಚ್ಚಳ ತೆರೆದರೆ ಕೈಗೆ ಸಿಗುವುದು ಇನ್ನೊಂದು ಮುಚ್ಚಳ. ದೋಷವನ್ನು ಗಣಕಯಂತ್ರ ಹೇಳಬೇಕು. ಅದರ ಬೀಗದ ಕೈ ಕಂಪನಿಯಲ್ಲಿ. ಕೊಂಡವನಿಗೆ ತನ್ನ ವಸ್ತುವನ್ನು ದುರಸ್ತಿ ಮಾಡಿಕೊಳ್ಳುವ ಹಕ್ಕು ಬೇಕೆಂಬ ಕೂಗು ಈಗ ಜಗತ್ತಿನಲ್ಲೆಲ್ಲ ಎದ್ದಿದೆ. ಅಮೇರಿಕಾದ ಮ್ಯಾಸಚೂಸೆಟ್ಸ್ ಸಂಸ್ಥಾನವು 2012ರಲ್ಲಿಯೇ ಮೋಟಾರು ವಾಹನಗಳಿಗೆ ಇಂಥ ಕಾಯಿದೆ ಮಾಡಿತು. ಭಾರತ ಸರಕಾರವೂ 2022ರ ಡಿಸೆಂಬರಿನಲ್ಲಿ ಇದಕ್ಕಾಗಿ ಮಾಹಿತಿಯ ತಾಣವೊಂದನ್ನು ತೆರೆಯಿತು.

ಹಕ್ಕು ಕಾಯಿದೆಯಿಂದ ಬರಬಹುದು; ಕೈ ಕಾಯಿದೆಯಿಂದ ಬರಲಾರದು. ಅದು ಒಬ್ಬನ ಪಕ್ಕದಲ್ಲಿ ಇನ್ನೊಬ್ಬನು ಕೂತು, ಪಾನಾ ಹಿಡಿದು, ಬೈಸಿಕೊಂಡು ಕಲಿಯುವ ವಿದ್ಯೆ. ಒಂದು ತಲೆಮಾರು ನಡುವೆ ಬಿಟ್ಟುಹೋದರೆ ಸಾಲು ಮುರಿಯುತ್ತದೆ. ಜೊತೆಗೆ ಆ ಕೆಲಸದ ಮಾತುಗಳೂ ಹೋಗುತ್ತವೆ. ನಮ್ಮ ಜಾನಪದ ಸಂಗ್ರಾಹಕರು ಹಂತಿಯ ಪದ, ಬೀಸುವ ಪದಗಳನ್ನು ಕೂಡಿಹಾಕಿದಂತೆ, ಹಳೆಯ ಗ್ಯಾರೇಜುಗಳಲ್ಲಿ ಇನ್ನೂ ಕೂತಿರುವ ಮುದಿ ಮೇಸ್ತ್ರಿಗಳ ಮಾತನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅವರ ಹೆಸರುಗಳನ್ನು ಕೂಡ.