ಬಡವರ ಮನೆಯ ಫೋನಿಗೆ ಬಿಲ್ಲು ಕಟ್ಟಿದವರು

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ತಮ್ಮ ಫೋನ್ ಬಿಲ್ಲನ್ನು ಕೊನೆಯವರೆಗೂ ಓದಿದರೆ, ತೆರಿಗೆಗಳ ನಡುವೆ ‘ಯೂನಿವರ್ಸಲ್ ಸರ್ವಿಸ್’ ಎಂಬ ಹೆಸರಿನಲ್ಲಿ ಒಂದು ಸಣ್ಣ ಮೊತ್ತ ಕಣ್ಣಿಗೆ ಬೀಳುತ್ತದೆ. ಹೆಚ್ಚಿನವರು ಅದರತ್ತ ನೋಡದೆಯೇ ಹಣ ಕಟ್ಟುತ್ತಾರೆ. ಆ ದುಡ್ಡು ಒಂದು ರಾಷ್ಟ್ರೀಯ ನಿಧಿಗೆ ಸೇರಿ, ಅಲ್ಲಿಂದ ಹಳ್ಳಿಗಾಡಿನ ಫೋನ್ ಕಂಪನಿಗಳಿಗೆ, ಶಾಲೆ ಮತ್ತು ಗ್ರಂಥಾಲಯಗಳಿಗೆ, ಗ್ರಾಮೀಣ ಆಸ್ಪತ್ರೆಗಳಿಗೆ ಹಂಚಿಹೋಗುತ್ತದೆ. ಅದರಲ್ಲೊಂದು ಪಾಲು ಬಡ ಕುಟುಂಬಗಳ ಫೋನ್ ಬಿಲ್ಲಿಗೆ ಮೀಸಲು. ಆ ಪಾಲಿಗೆ ಲೈಫ್‌ಲೈನ್ ಎಂದು ಹೆಸರು. 1985ರಲ್ಲಿ ಹುಟ್ಟಿದ ಈ ಯೋಜನೆ ಏಳು ಅಧ್ಯಕ್ಷರನ್ನು, ಲೆಕ್ಕವಿಲ್ಲದಷ್ಟು ಟೀಕೆಗಳನ್ನು ಕಂಡು ಇನ್ನೂ ಉಳಿದಿದೆ. ಇದಕ್ಕಿಂತ ಎಷ್ಟೋ ಉದಾರವಾಗಿದ್ದ ಮತ್ತೊಂದು ಯೋಜನೆ ಎರಡೂವರೆ ವರ್ಷವೂ ತುಂಬುವ ಮೊದಲೇ ಮುಗಿದುಹೋಯಿತು. ಒಂದು ಉಳಿಯಲು, ಇನ್ನೊಂದು ಅಳಿಯಲು ಕಾರಣ ಹಣದ ಮೂಲದಲ್ಲಿದೆ.

ಬೆಲ್ ಕಂಪನಿಯ ಏಕಸ್ವಾಮ್ಯದ ಕಾಲದಲ್ಲಿ ಇಂಥ ಯೋಜನೆಯ ಅಗತ್ಯವೇ ಬಿದ್ದಿರಲಿಲ್ಲ. ದೇಶದ ಬಹುಪಾಲು ಫೋನುಗಳು ಎಟಿ ಆ್ಯಂಡ್ ಟಿ ಎಂಬ ಒಂದೇ ಸಂಸ್ಥೆಯ ಕೈಯಲ್ಲಿದ್ದವು. ದೂರದ ಊರಿಗೆ ಮಾಡುವ ಕರೆಗೆ ದುಬಾರಿ ದರ ಹಾಕಿ, ಬಂದ ಲಾಭದಿಂದ ಸ್ಥಳೀಯ ಫೋನಿನ ಬಾಡಿಗೆಯನ್ನು ಕಡಿಮೆ ಇಡುವ ಪದ್ಧತಿ ದಶಕಗಳ ಕಾಲ ನಡೆಯಿತು. ನ್ಯೂಯಾರ್ಕಿನ ವ್ಯಾಪಾರಿ ಷಿಕಾಗೋಗೆ ಮಾಡಿದ ಕರೆಯ ದುಡ್ಡಿನಲ್ಲಿ ಯಾವುದೋ ಸಣ್ಣ ಪಟ್ಟಣದ ಮುದುಕಿಯ ಮನೆಯ ಫೋನ್ ಅಗ್ಗವಾಗುತ್ತಿತ್ತು. 1934ರ ಸಂಪರ್ಕ ಕಾಯ್ದೆ ದೇಶದ ಎಲ್ಲ ಜನರಿಗೂ ಸಾಧ್ಯವಾದ ಮಟ್ಟಿಗೆ ನ್ಯಾಯವಾದ ದರದಲ್ಲಿ ಸೇವೆ ಸಿಗಬೇಕೆಂದು ಹೇಳಿತ್ತು. ಆ ಮಾತು ನಡೆದದ್ದು ಹೀಗೆ, ಕಂಪನಿಯೊಳಗಿನ ಲೆಕ್ಕಪುಸ್ತಕದಲ್ಲಿ.

1984ರ ಜನವರಿ 1ರಂದು ಆ ಪುಸ್ತಕ ಹರಿಯಿತು. ಸರ್ಕಾರ ಹೂಡಿದ್ದ ಮೊಕದ್ದಮೆಯ ಫಲವಾಗಿ ಎಟಿ ಆ್ಯಂಡ್ ಟಿ ಒಡೆದು, ಸ್ಥಳೀಯ ಸೇವೆ ಏಳು ಪ್ರಾದೇಶಿಕ ಕಂಪನಿಗಳ ಪಾಲಾಯಿತು. ದೂರದ ಕರೆಗಳಲ್ಲಿ ಸ್ಪರ್ಧೆ ಬಂತು, ದರ ಇಳಿಯಿತು. ಸ್ಥಳೀಯ ಬಿಲ್ಲನ್ನು ತಗ್ಗಿಸುತ್ತಿದ್ದ ಲಾಭ ಮಾಯವಾಯಿತು. ದೂರಸಂಪರ್ಕ ನಿಯಂತ್ರಣ ಮಂಡಳಿಯಾದ ಎಫ್‌ಸಿಸಿ ಪ್ರತಿ ಮನೆಯ ಫೋನ್ ತಂತಿಯ ಮೇಲೂ ತಿಂಗಳಿಗೊಂದು ಶುಲ್ಕ ಹಾಕಲು ಹೊರಟಾಗ ದೇಶವಿಡೀ ಆತಂಕ ಹಬ್ಬಿತು. ಒಂಟಿಯಾಗಿ ಬದುಕುವ ವೃದ್ಧರು, ಕಾಯಿಲೆಯವರು, ಕೂಲಿ ಮಾಡುವವರು ಫೋನನ್ನೇ ಕತ್ತರಿಸಿಬಿಟ್ಟರೆ ಆಂಬುಲೆನ್ಸ್ ಕರೆಯುವುದು ಹೇಗೆ? ಕ್ಯಾಲಿಫೋರ್ನಿಯಾ ಇದನ್ನು ಮೊದಲೇ ಊಹಿಸಿತ್ತು. ಅಲ್ಲಿನ ಶಾಸಕಿ ಗ್ವೆನ್ ಮೂರ್ ಅವರ ಹೆಸರಿನ ಕಾಯ್ದೆ 1983ರಲ್ಲೇ ಬಡವರಿಗೆ ರಿಯಾಯಿತಿ ದರದ ಫೋನ್ ಕೊಡಲು ದಾರಿ ಮಾಡಿತು. ಕೇಂದ್ರದ ಲೈಫ್‌ಲೈನ್ ಅದರ ಬೆನ್ನಿಗೇ ಬಂತು. 1987ರಲ್ಲಿ ಹೊಸ ಸಂಪರ್ಕದ ಖರ್ಚಿಗೂ ನೆರವು ಕೊಡುವ ಲಿಂಕ್ ಅಪ್ ಸೇರಿಕೊಂಡಿತು. ಆಗ ಅಧ್ಯಕ್ಷರಾಗಿದ್ದವರು ರೊನಾಲ್ಡ್ ರೇಗನ್. ಸರ್ಕಾರದ ಕೈ ಚಿಕ್ಕದಿರಬೇಕು ಎಂದು ನಂಬಿದ್ದವರ ಆಡಳಿತದಲ್ಲೇ ಈ ಯೋಜನೆ ಶುರುವಾಯಿತು ಎಂಬುದನ್ನು ನೆನಪಿಡಬೇಕು. ಮುಂದಿನ ಗಲಾಟೆಯಲ್ಲಿ ಇದು ಮರೆತೇಹೋಯಿತು.

1996ರ ಫೆಬ್ರುವರಿಯಲ್ಲಿ ಬಿಲ್ ಕ್ಲಿಂಟನ್ ಹೊಸ ದೂರಸಂಪರ್ಕ ಕಾಯ್ದೆಗೆ ಸಹಿ ಹಾಕಿದರು. ಅಲ್ಲಿಯವರೆಗೆ ಕಂಪನಿಗಳ ದರಪಟ್ಟಿಯಲ್ಲಿ ಅಡಗಿದ್ದ ಸಹಾಯಧನ ಬಹಿರಂಗವಾದ ಒಂದು ನಿಧಿಯ ರೂಪ ಪಡೆಯಿತು. ಹೊರರಾಜ್ಯ ಮತ್ತು ಹೊರದೇಶದ ಕರೆಗಳಿಂದ ಬಂದ ಆದಾಯದಲ್ಲಿ ಕಂಪನಿಗಳು ಇಂತಿಷ್ಟು ಪಾಲು ಕೊಡಬೇಕು, ಅದನ್ನು ಗ್ರಾಹಕರಿಂದ ವಸೂಲು ಮಾಡಿಕೊಳ್ಳಬಹುದು. ಬಿಲ್ಲಿನ ಆ ಸಾಲು ಬಂದದ್ದು ಹೀಗೆ. ಸಂಸತ್ತು ಪ್ರತಿವರ್ಷ ಬಜೆಟ್ಟಿನಲ್ಲಿ ಹಣ ಮಂಜೂರು ಮಾಡಬೇಕಾದ ಹಂಗು ಇಲ್ಲದ ವ್ಯವಸ್ಥೆ ಇದು.

ಆದರೂ ಫೋನ್ ತಲುಪದ ಮನೆಗಳು ಉಳಿದೇ ಇದ್ದವು. 2000ನೇ ಇಸವಿಯ ಏಪ್ರಿಲ್‌ನಲ್ಲಿ ಕ್ಲಿಂಟನ್ ನ್ಯೂ ಮೆಕ್ಸಿಕೋದ ಶಿಪ್‌ರಾಕ್‌ಗೆ, ನವಾಹೋ ಮೂಲನಿವಾಸಿಗಳ ನಾಡಿಗೆ ಹೋದರು. ಅಲ್ಲಿ ಹದಿಮೂರು ವರ್ಷದ ನವಾಹೋ ಹುಡುಗಿಯೊಬ್ಬಳ ವಿಷಯ ಎಲ್ಲರ ಬಾಯಲ್ಲಿತ್ತು. ಅವಳು ಇಂಟರ್ನೆಟ್ ಸ್ಪರ್ಧೆಯೊಂದರಲ್ಲಿ ಕಂಪ್ಯೂಟರ್ ಗೆದ್ದಿದ್ದಳು, ಆದರೆ ಅದಕ್ಕೆ ಜೋಡಿಸಲು ಮನೆಯಲ್ಲಿ ಫೋನ್ ತಂತಿಯೇ ಇರಲಿಲ್ಲ. ಆಗಿನ ದಿನಗಳಲ್ಲಿ ಇಂಟರ್ನೆಟ್ ಬರುತ್ತಿದ್ದುದು ಫೋನ್ ತಂತಿಯ ಮೂಲಕ. ಅದೇ ವರ್ಷ ಎಫ್‌ಸಿಸಿ ಮೂಲನಿವಾಸಿಗಳ ಪ್ರದೇಶಕ್ಕೆ ತಿಂಗಳಿಗೆ 25 ಡಾಲರ್‌ವರೆಗೆ ಹೆಚ್ಚಿನ ನೆರವು ಸೇರಿಸಿತು. ಹಲವು ಕುಟುಂಬಗಳಿಗೆ ತಿಂಗಳಿಗೆ ಒಂದೇ ಡಾಲರಿಗೆ ಫೋನ್ ಸಿಗುವಂತಾಯಿತು. ಲೈಫ್‌ಲೈನ್‌ನ ಇಡೀ ಚರಿತ್ರೆಯಲ್ಲಿ ಇದರಷ್ಟು ನೇರವಾಗಿ ನೊಂದವರನ್ನು ಮುಟ್ಟಿದ ತೀರ್ಮಾನ ಮತ್ತೊಂದಿಲ್ಲ.

ಮೊಬೈಲ್ ಈ ಯೋಜನೆಯೊಳಗೆ ಕಾಲಿಟ್ಟದ್ದು ಒಂದು ದುರಂತದ ಬೆನ್ನಿಗೆ. 2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿತು. ಮನೆಯೇ ಹೋದವರಿಗೆ ಮನೆಯ ಫೋನಿನ ರಿಯಾಯಿತಿ ಇಟ್ಟುಕೊಂಡು ಮಾಡುವುದೇನು? ಎಫ್‌ಸಿಸಿ ಸಂತ್ರಸ್ತ ಕುಟುಂಬಗಳಿಗೆ ಮೊಬೈಲ್ ಹಾಗೂ 300 ನಿಮಿಷಗಳ ಉಚಿತ ಮಾತಿಗೆಂದು 130 ಡಾಲರ್‌ವರೆಗೆ ತಾತ್ಕಾಲಿಕ ನೆರವು ನೀಡಿತು. ಸ್ವಂತ ತಂತಿ, ಟವರ್ ಇಲ್ಲದೆ ಇತರರ ಜಾಲದ ನಿಮಿಷಗಳನ್ನು ಸಗಟಾಗಿ ಕೊಂಡು ಮಾರುವ ಟ್ರಾಕ್‌ಫೋನ್ ಕಂಪನಿಗೂ ಆ ವರ್ಷವೇ ಲೈಫ್‌ಲೈನ್ ಬಾಗಿಲು ತೆರೆಯಿತು. 2008ರಲ್ಲಿ ಟೆನೆಸಿ ರಾಜ್ಯದಲ್ಲಿ ಅದರ ಸೇಫ್‌ಲಿಂಕ್ ಸೇವೆ ಆರಂಭವಾಯಿತು. ಶುರುವಿನಲ್ಲಿ ಹಲವೆಡೆ ತಿಂಗಳಿಗೆ ಸಿಗುತ್ತಿದ್ದುದು 68 ನಿಮಿಷ. ಫೋನಿನ ಬೆಲೆಯನ್ನು ನಿಧಿ ಕೊಡುತ್ತಿರಲಿಲ್ಲ. ಅಗ್ಗದ ಸೆಟ್ಟನ್ನು ಕಂಪನಿಯೇ ಪುಕ್ಕಟೆಯಾಗಿ ಕೊಟ್ಟು, ತಿಂಗಳ ಸಹಾಯಧನದಲ್ಲಿ ಖರ್ಚು ತುಂಬಿಕೊಳ್ಳುತ್ತಿತ್ತು.

ಈ ಲೆಕ್ಕಾಚಾರವೇ ಕೆಡುಕಿಗೂ ಕಾರಣವಾಯಿತು. ಹೆಚ್ಚು ಜನರನ್ನು ಸೇರಿಸಿದಷ್ಟೂ ಕಂಪನಿಗೆ ಹಣ. ಏಜೆಂಟರು ಬೀದಿಬದಿಯಲ್ಲಿ ಡೇರೆ ಹಾಕಿ ಫೋನ್ ಹಂಚತೊಡಗಿದರು. ಅರ್ಹತೆಗೆ ಅರ್ಜಿದಾರರ ಮಾತೇ ಸಾಕಾಗುತ್ತಿತ್ತು, ಒಂದೇ ಮನೆಗೆ ಎರಡು ಮೂರು ಸಂಪರ್ಕ ಹೋದದ್ದೂ ಉಂಟು. ಯೋಜನೆಯ ವಾರ್ಷಿಕ ಖರ್ಚು 2008ರಲ್ಲಿ ಸುಮಾರು 80 ಕೋಟಿ ಡಾಲರ್ ಇದ್ದದ್ದು 2012ರ ಹೊತ್ತಿಗೆ 220 ಕೋಟಿ ಡಾಲರಿಗೆ ಮುಟ್ಟಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ನಗರದ ಚುನಾವಣಾ ಸಭೆಯೊಂದರ ಹೊರಗೆ ಮಹಿಳೆಯೊಬ್ಬರು ಒಬಾಮ ತಮಗೆ ಫೋನ್ ಕೊಟ್ಟರೆಂದು ಕೂಗಿದ ದೃಶ್ಯ ದೇಶವಿಡೀ ಹರಿದಾಡಿತು. ‘ಒಬಾಮಫೋನ್’ ಎಂಬ ಹೆಸರು ಅಂಟಿಕೊಂಡಿತು. ರೇಗನ್ ಕಾಲದಲ್ಲಿ ಹುಟ್ಟಿ, ಜಾರ್ಜ್ ಬುಷ್ ಕಾಲದಲ್ಲಿ ಮೊಬೈಲಿಗೆ ವಿಸ್ತರಿಸಿದ ಯೋಜನೆ, ಬಡವರನ್ನೂ ಕರಿಯರನ್ನೂ ಹೀಗಳೆಯುವವರ ಕೈಗೆ ಆಯುಧವಾಯಿತು. ಇದು ಅನ್ಯಾಯ. ಮೋಸದ ಲಾಭ ಹೋದದ್ದು ಕಂಪನಿಗೆ ಮತ್ತು ಏಜೆಂಟರಿಗೆ, ಅವಮಾನ ಉಳಿದದ್ದು ಆ ಅಗ್ಗದ ಫೋನ್ ಹಿಡಿದವರಿಗೆ.

ಆ ದೃಶ್ಯ ಹರಡುವ ಎಂಟು ತಿಂಗಳು ಮೊದಲೇ ಎಫ್‌ಸಿಸಿ ರಿಪೇರಿಗೆ ಕೈಹಾಕಿತ್ತು ಎಂಬುದನ್ನು ಯಾರೂ ಹೇಳಲಿಲ್ಲ. 2012ರ ಜನವರಿಯ ಆದೇಶ ಮನೆಗೊಂದೇ ಸಂಪರ್ಕ ಎಂಬ ನಿಯಮವನ್ನು ಬಿಗಿಮಾಡಿತು, ರಾಷ್ಟ್ರೀಯ ದತ್ತಾಂಶಕೋಶ ಕಟ್ಟಲು ಹೇಳಿತು, ಪ್ರತಿವರ್ಷ ಅರ್ಹತೆಯ ಮರುಪರಿಶೀಲನೆ ಕಡ್ಡಾಯ ಮಾಡಿತು, ನೆರವನ್ನು ತಿಂಗಳಿಗೆ 9.25 ಡಾಲರಿಗೆ ನಿಗದಿಪಡಿಸಿತು. ದೋಷ ಪೂರ್ತಿ ಹೋಗಲಿಲ್ಲ. ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2017ರಲ್ಲಿ ಪರಿಶೀಲಿಸಿದ 35 ಲಕ್ಷ ಚಂದಾದಾರರಲ್ಲಿ ಸುಮಾರು 12 ಲಕ್ಷ ಮಂದಿಯ ಅರ್ಹತೆಯನ್ನು ಖಚಿತಪಡಿಸಲು ಆಗಲಿಲ್ಲ.

ಇದಕ್ಕೂ ಮುಂಚೆ, 2016ರ ಮಾರ್ಚ್ 31ರಂದು, ಎಫ್‌ಸಿಸಿ ಮೂರು–ಎರಡು ಮತಗಳಿಂದ ಲೈಫ್‌ಲೈನ್ ಹಣವನ್ನು ಇಂಟರ್ನೆಟ್ಟಿಗೂ ಬಳಸಬಹುದೆಂದು ತೀರ್ಮಾನಿಸಿತ್ತು. ವಿರೋಧವಾಗಿ ಮತ ಹಾಕಿದವರಲ್ಲಿ ಅಜಿತ್ ಪೈ ಒಬ್ಬರು. ಭಾರತದಿಂದ ವಲಸೆ ಹೋದ ಕೊಂಕಣಿ ವೈದ್ಯ ದಂಪತಿಯ ಮಗ, ಕ್ಯಾನ್ಸಸ್‌ನ ಪುಟ್ಟ ಊರಲ್ಲಿ ಬೆಳೆದವರು. 2017ರಲ್ಲಿ ಮಂಡಳಿಯ ಅಧ್ಯಕ್ಷರಾದ ಅವರು ಪೋಲು ತಡೆಯುವುದೇ ಮೊದಲ ಕೆಲಸವೆಂದು ಹಿಡಿದರು. ಮೂಲನಿವಾಸಿಗಳ ಹೆಚ್ಚುವರಿ ನೆರವನ್ನು ಸ್ವಂತ ಜಾಲವುಳ್ಳ ಕಂಪನಿಗಳಿಗೆ, ಗ್ರಾಮೀಣ ಭಾಗಕ್ಕೆ ಮಾತ್ರ ಸೀಮಿತಗೊಳಿಸುವ ಆದೇಶ ಅವರ ಕಾಲದ್ದು. ಫಲಾನುಭವಿಗಳ ಮೇಲೆ ಆಗುವ ಪರಿಣಾಮವನ್ನು ಸರಿಯಾಗಿ ಪರಿಗಣಿಸಿಲ್ಲವೆಂದು 2019ರ ಫೆಬ್ರುವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. ಕಳ್ಳತನ ತಡೆಯುವುದು ಸರಿಯೇ. ಆದರೆ ಬಾಗಿಲು ಮುಚ್ಚಿದರೆ ಹೊರಗುಳಿಯುವವರು ಯಾರೆಂದು ಮೊದಲು ಕೇಳಬೇಕಿತ್ತು.

ಆಮೇಲೆ ಕೋವಿಡ್ ಬಂತು. 2020ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಸಲಿನಾಸ್‌ನಲ್ಲಿ ಇಬ್ಬರು ಪುಟ್ಟ ಹುಡುಗಿಯರು ಟ್ಯಾಕೊ ಬೆಲ್ ಹೋಟೆಲಿನ ಹೊರಗೆ ನೆಲದ ಮೇಲೆ ಕೂತು, ಅದರ ವೈಫೈ ಹಿಡಿದು ಶಾಲೆಯ ಪಾಠ ಮಾಡುತ್ತಿದ್ದ ಚಿತ್ರ ದೇಶದ ಕಣ್ಣು ತೆರೆಸಿತು. ಜಗತ್ತಿನ ದೊಡ್ಡ ದೊಡ್ಡ ಇಂಟರ್ನೆಟ್ ಕಂಪನಿಗಳಿರುವ ರಾಜ್ಯದಲ್ಲೇ ಆ ಸ್ಥಿತಿ. ಆ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು 320 ಕೋಟಿ ಡಾಲರ್ ತುರ್ತು ನೆರವು ಒದಗಿಸಿತು. 2021ರ ನವೆಂಬರ್‌ನ ಮೂಲಸೌಕರ್ಯ ಕಾಯ್ದೆ 1,420 ಕೋಟಿ ಡಾಲರ್ ಕೊಟ್ಟು ಎಸಿಪಿ ಎಂಬ ಯೋಜನೆಗೆ ಜೀವ ತುಂಬಿತು. ತಿಂಗಳಿಗೆ 30 ಡಾಲರ್, ಮೂಲನಿವಾಸಿಗಳ ನೆಲದಲ್ಲಿ 75 ಡಾಲರ್. ಜತೆಗೆ ಲ್ಯಾಪ್‌ಟಾಪ್ ಅಥವಾ ಟ್ಯಾಬ್ಲೆಟ್ ಮೇಲೆ 100 ಡಾಲರ್ ರಿಯಾಯಿತಿ. ಲೈಫ್‌ಲೈನ್‌ನ 9.25 ಡಾಲರ್ ಎದುರು ಇದು ಮೂರು ಪಟ್ಟಿಗೂ ಹೆಚ್ಚು. ಎರಡು ಕೋಟಿ 30 ಲಕ್ಷ ಮನೆಗಳು ಸೇರಿಕೊಂಡವು.

ಆ ಹಣ ಒಮ್ಮೆ ಕೊಟ್ಟದ್ದು. ಹಿಂದೆ ಹರಿದುಬರುವ ಮೂಲ ಇರಲಿಲ್ಲ. 2024ರ ಫೆಬ್ರುವರಿಯಲ್ಲಿ ಹೊಸ ಅರ್ಜಿ ನಿಂತಿತು, ಏಪ್ರಿಲ್ ಪೂರ್ತಿ ನೆರವಿನ ಕಡೆಯ ತಿಂಗಳಾಯಿತು, ಜೂನ್ 1ರಂದು ಯೋಜನೆ ಮುಗಿಯಿತು. ಮುಂದುವರಿಸಲು 700 ಕೋಟಿ ಡಾಲರ್ ಕೋರುವ ಮಸೂದೆಗೆ ಎರಡೂ ಪಕ್ಷಗಳವರ ಸಹಿ ಇತ್ತು. ಆಗ ಸೆನೆಟರ್ ಆಗಿದ್ದ ಜೆ.ಡಿ. ವ್ಯಾನ್ಸ್ ಕೂಡ ಬೆಂಬಲಿಸಿದ್ದರು. ಆದರೂ ಅದು ಮತಕ್ಕೇ ಬರಲಿಲ್ಲ.

ಇತ್ತ ಹಳೆಯ ನಿಧಿಗೂ ಸಂಕಟ ತಪ್ಪಿಲ್ಲ. ದೂರದ ಕರೆಗಳ ಆದಾಯ ಕರಗಿದ್ದರಿಂದ ಅದರ ಮೇಲಿನ ವಂತಿಗೆಯ ಪ್ರಮಾಣ ಶೇ 30ನ್ನೂ ಮೀರಿದೆ. ಇಂಥ ವಸೂಲಿಯೇ ಸಂವಿಧಾನಬಾಹಿರ ಎಂಬ ದಾವೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2025ರ ಜೂನ್ 27ರಂದು ನ್ಯಾಯಾಲಯ ಆರು–ಮೂರರ ಬಹುಮತದಿಂದ ನಿಧಿಯನ್ನು ಎತ್ತಿಹಿಡಿಯಿತು. ಬಿಲ್ಲಿನ ಆ ಸಾಲು ಉಳಿಯಿತು, ಅದರೊಂದಿಗೆ ಲೈಫ್‌ಲೈನ್ ಕೂಡ. ನ್ಯೂಯಾರ್ಕ್ ರಾಜ್ಯ ಬೇರೆ ದಾರಿ ಹಿಡಿದಿದೆ. ಬಡ ಕುಟುಂಬಕ್ಕೆ 15 ಡಾಲರಿನ ಇಂಟರ್ನೆಟ್ ಕೊಡಲೇಬೇಕೆಂದು ಕಂಪನಿಗಳನ್ನು ಕಟ್ಟುಪಾಡಿಗೆ ಒಳಪಡಿಸುವ ಅದರ ಕಾನೂನು 2025ರ ಜನವರಿಯಿಂದ ಜಾರಿಯಲ್ಲಿದೆ.

ಈ ಕಥೆ ಭಾರತಕ್ಕೆ ಹೊರಗಿನದಲ್ಲ. 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಸಿ-ಡಾಟ್ ತಯಾರಿಸಿದ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಕೆಲಸ ಶುರುಮಾಡಿತು. ಮನೆಮನೆಗೆ ಫೋನ್ ಕೊಡಲಾಗದ ದೇಶ ಊರಿಗೊಂದು ಎಸ್‌ಟಿಡಿ ಬೂತ್ ಕೊಟ್ಟಿತು. 2002ರ ಏಪ್ರಿಲ್ 1ರಂದು ಇಲ್ಲೂ ಸಾರ್ವತ್ರಿಕ ಸೇವಾ ನಿಧಿ ಜಾರಿಗೆ ಬಂತು, ದೂರಸಂಪರ್ಕ ಕಂಪನಿಗಳ ಆದಾಯದ ಶೇ 5ರಷ್ಟು ಅದಕ್ಕೆ ಸೇರುತ್ತದೆ. ಹಳ್ಳಿಯ ಸಾರ್ವಜನಿಕ ಫೋನು, ಟವರು, ಪಂಚಾಯಿತಿವರೆಗಿನ ಕೇಬಲ್ಲು ಇದರಿಂದ ಆಗಿವೆ. ಬಡ ಕುಟುಂಬದ ತಿಂಗಳ ಬಿಲ್ಲಿಗೆ ನೇರ ನೆರವು ಕೊಡುವ ಕೆಲಸ ಇದರದ್ದಾಗಲಿಲ್ಲ. ರಾಜಸ್ಥಾನ 2023ರ ಆಗಸ್ಟ್‌ನಲ್ಲಿ ಮಹಿಳೆಯರಿಗೆ ಸ್ಮಾರ್ಟ್‌ಫೋನ್ ಮತ್ತು ಡೇಟಾಕ್ಕೆಂದು ತಲಾ 6,800 ರೂಪಾಯಿ ಕೊಡಲು ಆರಂಭಿಸಿತು. ಡಿಸೆಂಬರ್‌ನಲ್ಲಿ ಸರ್ಕಾರ ಬದಲಾಯಿತು, ಯೋಜನೆ ನಿಂತಿತು. ಕೇರಳದ ಕೆ-ಫೋನ್ 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಇಂಟರ್ನೆಟ್ಟಿನ ಗುರಿ ಇಟ್ಟು 2023ರಲ್ಲಿ ಹೊರಟಿತು, ಮೊದಲ ಹಂತಕ್ಕೆ ಆರಿಸಿಕೊಂಡದ್ದು 14,000 ಮನೆಗಳನ್ನು.

2023ರ ದೂರಸಂಪರ್ಕ ಕಾಯ್ದೆ ನಮ್ಮ ನಿಧಿಗೆ ಡಿಜಿಟಲ್ ಭಾರತ ನಿಧಿ ಎಂದು ಹೆಸರಿಟ್ಟು, ಸೇವೆ ಸರಿಯಾಗಿ ತಲುಪದ ನಗರ ಪ್ರದೇಶಗಳನ್ನೂ ಅದರ ವ್ಯಾಪ್ತಿಗೆ ತಂದಿದೆ. ಬೆಂಗಳೂರಿನ ಕೊಳೆಗೇರಿಯ ಮನೆಯೂ ರಾಯಚೂರಿನ ತಾಂಡಾದ ಮನೆಯೂ ಈಗ ಆ ನಿಧಿಯ ಎದುರು ನಿಂತು ಕೇಳಬಹುದು. ಪ್ರತಿ ರೀಚಾರ್ಜಿನಲ್ಲೂ ಅದಕ್ಕೆ ಸಲ್ಲುವ ಪಾಲನ್ನು ತೆರುತ್ತಿರುವ ನಾವು, ಅದರಲ್ಲೊಂದು ಭಾಗ ಟವರಿನಲ್ಲಿ ನಿಲ್ಲದೆ ಬಡವರ ಮನೆಯೊಳಗೆ ತಿಂಗಳ ನೆರವಾಗಿ ತಲುಪಲಿ ಎಂದು ನಮ್ಮ ಸಂಸದರನ್ನು ಒತ್ತಾಯಿಸಬೇಕು.